ಸಯಾಮಿನ ಬಿಳುಪು, ಕಬಿನಿಯ ಕಪ್ಪು

ಥಾಯ್ಲೆಂಡ್ ದೇಶಕ್ಕೆ ಸಯಾಮ್ ಎಂಬ ಹೆಸರಿದ್ದ ಕಾಲದಿಂದಲೂ ಅಲ್ಲಿ ಒಂದು ಬಿಳಿಯ ಬೆಕ್ಕಿನ ತಳಿ ನಡೆದುಬಂದಿದೆ. ಅದರ ಹೆಸರು ಖಾವ್ ಮನೀ. ‘ಖಾವ್’ ಎಂದರೆ ಬಿಳುಪು. ‘ಮನೀ’ ಎಂಬುದು ನಮ್ಮ ‘ಮಣಿ’ಯೇ. ಇದನ್ನು ಹಿಂದೆ ಅರಮನೆಯಲ್ಲಿ ಸಾಕುತ್ತಿದ್ದರೆಂದು ಪ್ರತೀತಿ. ಒಂದು ಕಣ್ಣು ನೀಲಿ, ಇನ್ನೊಂದು ಹೊಂಬಣ್ಣವಾಗಿರುವ ಮರಿಯೆಂದರೆ ಜನರಿಗೆ ಬಲು ಅಕ್ಕರೆ. 1999ರಲ್ಲಿ ಮೊದಲ ಬಾರಿಗೆ ಈ ತಳಿ ಅಮೆರಿಕೆಗೆ ಹೋಯಿತು. ಆದರೆ ಈ ಬಿಳುಪು ಪುಕ್ಕಟೆಯಾಗಿ ಬಂದುದಲ್ಲ. ನೀಲಿ ಕಣ್ಣಿನ ಬಿಳಿಯ ಬೆಕ್ಕುಗಳಲ್ಲಿ ಹಲವು ಹುಟ್ಟುಕಿವುಡಾಗಿರುತ್ತವೆ. ಮನೆಯಲ್ಲಿ ಅಂಥ ಬೆಕ್ಕಿದ್ದು, ಕರೆದರೆ ಓಗೊಡದಿದ್ದರೆ ಅದನ್ನು ಮೊಂಡೆಂದು ಗದರದಿರುವುದು ಲೇಸು.

ಬಣ್ಣದಿಂದಲೇ ಹೆಸರಾದ ಬೆಕ್ಕಿನ ಕುಲದ ಜೀವವೊಂದು ನಮ್ಮ ಹೆಗ್ಗಡದೇವನಕೋಟೆಯ ಸೀಮೆಯಲ್ಲೂ ಉಂಟು. ಅದೇ ಕಬಿನಿಯ ಹಿನ್ನೀರಿಗೆ ತಾಗಿದ ನಾಗರಹೊಳೆ ಕಾಡಿನ ಕರಿಚಿರತೆ. ಇಲ್ಲಿಯ ಒಂದು ಗಂಡು ಕರಿಚಿರತೆಗೆ ‘ಸಾಯಾ’, ಅಂದರೆ ನೆರಳು, ಎಂಬ ಹೆಸರು ಬಂದಿತು. ಕಬಿನಿ ಕಾಡಿನ ಕರಿಚಿರತೆಯನ್ನು ಕುರಿತು ಷಾಜ್ ಜಂಗ್ ಅವರು ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಗಾಗಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರವು 2020ರಲ್ಲಿ ತೆರೆಕಂಡಿತು.

ಕರಿಚಿರತೆ ಬೇರೆ ಜಾತಿಯೆಂದೂ, ಅದರ ಕ್ರೌರ್ಯ ಹೆಚ್ಚೆಂದೂ ನಮ್ಮಲ್ಲಿ ಅನೇಕರ ನಂಬಿಕೆ. ಅದು ಹಾಗಲ್ಲ. ಅದು ಚುಕ್ಕೆಯ ಚಿರತೆಯೇ. ಓರೆಯಾಗಿ ಬಿಸಿಲು ಬಿದ್ದಾಗ ಕಪ್ಪು ಕೂದಲಿನ ಅಡಿಯಲ್ಲಿ ಚುಕ್ಕೆಗಳು ಮಾಸಲಾಗಿ ಕಾಣುವುದುಂಟು. ಬೆಕ್ಕಿನ ಬಿಳುಪು ಹೆತ್ತವರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಯ ಮೈಮೇಲೆ ತೋರುತ್ತದೆ. ಚಿರತೆಯ ಕಪ್ಪು ಮಾತ್ರ ತಾಯಿ ತಂದೆ ಇಬ್ಬರಿಂದಲೂ ಬಂದಾಗಲೇ ಹೊರಬೀಳುತ್ತದೆ. ಹೀಗಾಗಿ ಚುಕ್ಕೆಯ ಜೋಡಿಗೂ ಕಪ್ಪು ಮರಿ ಹುಟ್ಟಬಹುದು. ಇಬ್ಬರಲ್ಲೂ ಆ ವಂಶವಾಹಿ ಅಡಗಿದ್ದರೆ ನಾಲ್ಕು ಮರಿಗಳಲ್ಲಿ ಒಂದರಷ್ಟು ಸಂಭವ. ವಿಚಿತ್ರವೆಂದರೆ, ಬಿಳಿಯ ಬೆಕ್ಕಿನ ನಾಡಾದ ಥಾಯ್ಲೆಂಡಿನ ದಕ್ಷಿಣಕ್ಕೆ, ಕ್ರಾ ಭೂಸಂಧಿಯನ್ನು ದಾಟಿದರೆ, ಚಿರತೆಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು! ಮಳೆಕಾಡಿನ ದಟ್ಟ ನೆರಳಿನಲ್ಲಿ ಕರಿಮೈ ಮರೆಗೆ ಒದಗುತ್ತದೆಂಬುದು ವಿದ್ವಾಂಸರ ಊಹೆ.

ಕಪ್ಪು ಬಣ್ಣವು ಚುಕ್ಕೆಯ ಚಿರತೆಗಳ ರಕ್ತದಲ್ಲಿ ಗುಪ್ತವಾಗಿ ಹರಿಯುತ್ತದೆ ಎಂಬುದನ್ನು ಕಾಡಂಚಿನ ಮನೆಗಳವರು ವಿಶೇಷವಾಗಿ ಗಮನಿಸಬೇಕು. ಕರಿಚಿರತೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ, ಕಾಡುಹಂದಿಗೆಂದು ಹೊಲದ ಬೇಲಿಯಲ್ಲಿ ತಂತಿಯ ಉರುಳು ಕಟ್ಟುವುದು ಯಾವ ನ್ಯಾಯ? ಆ ಉರುಳಿಗೆ ಬೀಳುವ ಚುಕ್ಕೆಯ ಚಿರತೆ ಮುಂದಿನ ಕರಿಮರಿಯ ತಾಯಿಯಾಗಿರಬಹುದು. ಕರುವನ್ನೋ ಕುರಿಯನ್ನೋ ಕಳೆದುಕೊಂಡ ಸಂಸಾರದ ಸಂಕಟವೇನೂ ಸಣ್ಣದಲ್ಲ. ರೊಚ್ಚಿಗೆದ್ದು ಕಳೇಬರಕ್ಕೆ ವಿಷ ಸವರಿದ ಪ್ರಸಂಗಗಳೂ ಉಂಟು. ಆದರೆ ವಿಷವು ನಾಯಿ, ನರಿ, ಹದ್ದುಗಳನ್ನೂ ಬಿಡದು. ಸತ್ತ ದನಕುರಿಯನ್ನು ಬಿದ್ದಲ್ಲಿಂದ ಕದಲಿಸದೆ ಒಡನೆಯೇ ಅರಣ್ಯ ಇಲಾಖೆಗೆ ತಿಳಿಸಬೇಕು. ಸಿಬ್ಬಂದಿ ಬಂದು ಸ್ಥಳದಲ್ಲಿ ಪರಿಶೀಲಿಸಿದ ಮೇಲೆಯೇ ಪರಿಹಾರದ ಅರ್ಜಿ ಮುಂದುವರಿಯುವುದು.