ಒಂದೇ ಮನೆಯಲ್ಲಿ ಐದು ವ್ಯಂಜನ

ಸುಂಕದಕಟ್ಟೆಯ ನಮ್ಮ ಮನೆಯಲ್ಲಿ ಭಾನುವಾರದ ಫಲಾಹಾರವು ಮುಗಿಯಿತೆಂದರೆ ಪದಬಂಧದ ಹಾಳೆಯನ್ನು ಹರಡುವುದು ವಾಡಿಕೆ. ಕಳೆದ ವಾರ ಮೊಮ್ಮಗನು ಒಂದೆಡೆಯಲ್ಲಿ ತಡೆದು ನಿಂತನು. ಸುಳಿವು "ಸಂಪೂರ್ಣತೆ", ಮನೆಗಳು ಎರಡೇ.

"ಇಷ್ಟು ದೊಡ್ಡ ಅರ್ಥಕ್ಕೆ ಎರಡೇ ಅಕ್ಷರವೆ, ತಾತ?" ಎಂದನು. "ಕಾರ್ತ್ಸ್ನ್ಯ" ಎಂದು ಬರೆದು ತೋರಿಸಿದೆನು.

ವಾಚಕರು ಇದನ್ನು ಕೊಂಚ ಪರಿಶೀಲಿಸಬೇಕು. ಎರಡನೆಯ ಮನೆಯಲ್ಲಿ ರ, ತ, ಸ, ನ, ಯ ಎಂಬ ಐದು ವ್ಯಂಜನಗಳು ಒಂದೇ ಸ್ವರವನ್ನು ಆಶ್ರಯಿಸಿ ವಾಸಮಾಡುತ್ತವೆ. ನಮ್ಮಲ್ಲಿ ಮನೆಗೊಂದು ಅಕ್ಷರ. ಒತ್ತು, ಗುಣಿತಗಳೆಲ್ಲವೂ ಅದರೊಳಗೇ. ಇಂಗ್ಲಿಷಿನಲ್ಲಾದರೋ ವ್ಯಂಜನಕ್ಕೂ ಸ್ವರಕ್ಕೂ ಬೇರೆ ಬೇರೆ ಮನೆ. ಅವರ 'ಸ್ಟ್ರೆಂಗ್ತ್ಸ್' ಎಂಬ ಶಬ್ದಕ್ಕೆ 9 ಮನೆ ಬೇಕು. ಅವುಗಳಲ್ಲಿ ಸ್ವರಕ್ಕೆ ಸಲ್ಲುವುದು ಒಂದೇ.

ಇಂತಹ ಸಂಯೋಗಗಳೇ ಪದಬಂಧವನ್ನು ಬಿಡಿಸುವವನಿಗೆ ದೀವಿಗೆ. ಶಬ್ದದ ಮೊದಲಲ್ಲಿಯೇ ಒತ್ತಕ್ಷರವಿದ್ದರೆ ಅದು ಸಂಸ್ಕೃತವೋ ಇಂಗ್ಲಿಷೋ ಆಗಿರಬೇಕೆಂದು ಬಹುಮಟ್ಟಿಗೆ ಊಹಿಸಬಹುದು. ಅಚ್ಚಗನ್ನಡದ ಒತ್ತು ಸಾಮಾನ್ಯವಾಗಿ ಶಬ್ದದ ನಡುವೆ, ಅದೂ ಸಜಾತೀಯವಾಗಿ ಬರುವುದು: ಕಟ್ಟೆ, ಬೆಟ್ಟ, ಅಕ್ಕಿ. ಮೊದಲಲ್ಲಿ ಒತ್ತು ಬಂದರೆ ಕನ್ನಡದ ನಾಲಗೆಯು ನಡುವೆ ಸ್ವರವನ್ನಿಟ್ಟು ಬಿಡಿಸುವುದುಂಟು, ಒಂದು ವ್ಯಂಜನವನ್ನೇ ಕಳೆಯುವುದೂ ಉಂಟು. ಶ್ರೀಯು ಸಿರಿಯಾಯಿತು, ಸ್ನೇಹವು ನೇಹವಾಯಿತು. ನಡುವಣ ಒತ್ತನ್ನೂ ಅದು ಮೆದುಮಾಡಬಲ್ಲುದು. ಶುಲ್ಕವು ಸುಂಕವಾದುದರಿಂದಲ್ಲವೆ ನಮ್ಮೂರಿಗೆ ಈ ಹೆಸರು! 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂತಹ ರೂಪಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ರಚಿಸಿದ್ದಾನೆ.

ಈ ಪ್ರಕರಣವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದವನು. ಆದರೂ ಹಳ್ಳಿಯಿಂದ ಬಂದ ಹುಡುಗನೊಬ್ಬನು ಒಮ್ಮೆ 'ಇಸ್ಕೂಲು' ಎಂದಾಗ, ತರಗತಿಯೆಲ್ಲ ನಗುವಂತೆ ಅವನನ್ನು ಅಣಕಿಸಿದೆನು. ಆ ವರ್ಷ ಮುಗಿಯುವವರೆಗೂ ಅವನು ತಾನಾಗಿ ಬಾಯಿ ತೆರೆಯಲಿಲ್ಲ. ಲ್ಯಾಟಿನ್ನಿನ 'ಸ್ಕೋಲಾ' ಎಂಬುದು ಸ್ಪೇನಿನಲ್ಲಿ 'ಎಸ್ಕ್ವೇಲಾ' ಆಗಿದೆಯೆಂದು ನಾನು ಓದಿದ್ದು ಬಹುಕಾಲದ ಮೇಲೆ. ಅಲ್ಲಿ ಪಂಡಿತರೂ ಹಾಗೆಯೇ ನುಡಿಯುತ್ತಾರೆ; ಯಾರೂ ನಗುವುದಿಲ್ಲ. ಒತ್ತಿನ ಮುಂದೆ ಒಂದು ಸ್ವರವನ್ನಿಟ್ಟು ನಾಲಗೆಗೆ ದಾರಿಮಾಡಿಕೊಂಡ ಆ ಬಾಲಕನು ನನ್ನ ಪಾಠಕ್ಕೆ ಜೀವಂತ ಉದಾಹರಣೆಯಾಗಿದ್ದನು. ಉದಾಹರಣೆಯು ಎದುರಿಗೆ ನಿಂತಿದ್ದರೂ ಗುರುವಿಗೆ ಕಾಣಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ಒಂದು ಬಿನ್ನಹ. ಮಕ್ಕಳ ಬರವಣಿಗೆಯನ್ನು ಅವಶ್ಯವಾಗಿ ತಿದ್ದಿರಿ. ನಾಲಗೆಯನ್ನು ಕಂಡು ನಗಬೇಡಿರಿ. 'ತಾಣ', 'ದಿಟ್ಟಿ' ಎಂಬ ಶಬ್ದಗಳ ಮೂಲವನ್ನು ಈ ತಿಂಗಳು ಅವರಿಂದಲೇ ಹುಡುಕಿಸಿರಿ. ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಹೇಳುವೆನು.