ಏದುಸಿರಿನ ಜೀಪಿಗೆ ಎರವಲು ಉಸಿರು

ಮಕ್ಕಳೇ, ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಯಾವತ್ತಾದರೂ ಬೆಟ್ಟ ಹತ್ತಿದ್ದೀರಾ? ಅರ್ಧ ದಾರಿಯಲ್ಲಿ ಅವರು ನಿಂತು, ಸೊಂಟದ ಮೇಲೆ ಕೈಯಿಟ್ಟು, "ಆಹಾ, ಈ ಮರ ಎಷ್ಟು ಚೆನ್ನಾಗಿದೆ ನೋಡು" ಎನ್ನುತ್ತಾರೆ. ಮರ ಚೆನ್ನಾಗಿರುವುದು ನಿಜವೇ. ಆದರೆ ಅವರು ನಿಂತದ್ದು ಮರ ನೋಡಲಿಕ್ಕಲ್ಲ, ಉಸಿರು ಎಳೆದುಕೊಳ್ಳಲಿಕ್ಕೆ. ಎಪ್ಪತ್ತು ದಾಟಿದವರಿಗೆಲ್ಲ ಗೊತ್ತಿರುವ ಈ ಗುಟ್ಟನ್ನು ಇವತ್ತು ನಿಮಗೂ ಹೇಳಿಬಿಟ್ಟೆ.

ಜೀಪಿಗೂ ಹೀಗೇ ಏದುಸಿರು ಬರುತ್ತದೆ. ಚಿಕ್ಕಮಗಳೂರಿನ ಗುಡ್ಡಗಳಲ್ಲಿ, ಸುಮಾರು 4 ಸಾವಿರ ಅಡಿ ಎತ್ತರದಲ್ಲಿ, ನನ್ನ ಅಕ್ಕನ ಮಗನಿಗೆ ಒಂದು ಚಿಕ್ಕ ಕಾಫಿ ತೋಟವಿದೆ. ಅವನ ಬಳಿ ಇರುವುದು ಹಳೆಯ ಮಹೀಂದ್ರ ಎಂಎಂ 540 ಜೀಪು. ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ ಅದರದ್ದು. ತೋಟದಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣಿನ ಏರು. ಕಾಫಿ ಮೂಟೆ ಹೇರಿಕೊಂಡು ಹೊರಟರೆ ಜೀಪು ಕಪ್ಪು ಹೊಗೆ ಕಾರುತ್ತಾ ತೆವಳುತ್ತಿತ್ತು. ಕೊಯ್ಲಿನ ಹೆಂಗಸರು ನಡುದಾರಿಯಲ್ಲಿ ಇಳಿದು ನಡೆಯುತ್ತಿದ್ದರು. ಮೇಲೆ ಮೊದಲು ಮುಟ್ಟುತ್ತಿದ್ದವರೂ ಅವರೇ!

ಕಳೆದ ವರ್ಷ ದಸರಾ ರಜೆಗೆ ನಾನೂ ಆರನೇ ತರಗತಿಯ ನನ್ನ ಮೊಮ್ಮಗಳೂ ತೋಟಕ್ಕೆ ಹೋಗಿದ್ದಾಗ ಅವನೊಂದು ಮಾತು ತೆಗೆದ. "ಮಾವ, ಜೀಪಿಗೆ ಟರ್ಬೊ ಕಿಟ್ ಹಾಕಿಸಬೇಕು ಅಂತಿದ್ದೀನಿ. ಒಂದು 40 ಸಾವಿರ ಕಡಿಮೆ ಬೀಳ್ತಾ ಇದೆ." ನನ್ನ ಎಫ್‌ಡಿ ಒಂದರ ಅವಧಿ ಆಗತಾನೇ ಮುಗಿದಿತ್ತು. ಹಿಂದೆಮುಂದೆ ನೋಡದೆ ಕೊಟ್ಟೆ. ಈ 40 ಸಾವಿರದ ವಿಚಾರಕ್ಕೆ ಆಮೇಲೆ ಬರುತ್ತೇನೆ.

"ಟರ್ಬೊ ಅಂದ್ರೇನಜ್ಜ?" ಎಂದಳು ಮೊಮ್ಮಗಳು. ಮೊದಲು ಅದನ್ನು ನೋಡೋಣ.

ಎಂಜಿನ್ ಡೀಸೆಲ್ ಕುಡಿಯುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಹೊಟ್ಟೆ ತುಂಬಿಸಿಕೊಳ್ಳುವುದು ಗಾಳಿಯಿಂದ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 10 ಸಾವಿರ ಲೀಟರ್ ಗಾಳಿ ಬೇಕು. ಗಾಳಿ ಸಾಲದಿದ್ದರೆ ಡೀಸೆಲ್ ಅರೆಬರೆ ಉರಿದು ಕಪ್ಪು ಹೊಗೆಯಾಗಿ ಹೊರಬರುತ್ತದೆ. ಹಸಿ ಸೌದೆ ಹಾಕಿದ ಒಲೆಯನ್ನು ಅಜ್ಜಿಯರು ಊದುಕೊಳವೆಯಿಂದ ಊದುತ್ತಿದ್ದದ್ದು ಯಾಕೆ? ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು, ಹೊಗೆ ಕಡಿಮೆ.

ಬೆಟ್ಟದ ಮೇಲೆ ಗಾಳಿಯೇ ತೆಳು. ಮಂಗಳೂರಿನ ಕಡಲ ತೀರಕ್ಕೆ ಹೋಲಿಸಿದರೆ ನಮ್ಮ ತೋಟದ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಎಂಟರಲ್ಲೊಂದು ಭಾಗ ಕಡಿಮೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಂತೂ ಐದರಲ್ಲೊಂದು ಭಾಗ ಕಡಿಮೆ. ಜೀಪಿಗೆ ಏರಿನ ಕಷ್ಟದ ಜೊತೆಗೆ ಉಸಿರಿನ ಕಷ್ಟವೂ ಸೇರುತ್ತದೆ.

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಊದುವ ಊದುಕೊಳವೆ. ನೋಡಲಿಕ್ಕೆ ದೊಡ್ಡ ಬಸವನಹುಳುವಿನ ಚಿಪ್ಪಿನಂತಿರುತ್ತದೆ. ಒಳಗೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಗಿರಗಿಟ್ಟಲೆ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಗಿರಗಿಟ್ಟಲೆಯನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ವೇಗ ಅದಕ್ಕೆ ಸಾಮಾನ್ಯ. ಸುಮ್ಮನೆ ಪೋಲಾಗುತ್ತಿದ್ದ ಹೊಗೆಯಿಂದಲೇ ಕೆಲಸ!

ಈ ಉಪಾಯಕ್ಕೆ ಮೊದಲು ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ, 1905ರಲ್ಲಿ. ಬಳಿಕ 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬವರು ಒಂದು ವಿಮಾನದ ಎಂಜಿನ್ನನ್ನು 14 ಸಾವಿರ ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿ ಪರೀಕ್ಷೆ ಮಾಡಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ ಸುಮಾರು 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ 356 ಕೊಟ್ಟಿತು. ಬೆಟ್ಟ ಕಿತ್ತುಕೊಂಡ ಉಸಿರನ್ನು ಟರ್ಬೊ ವಾಪಸ್ ಕೊಟ್ಟಿತ್ತು.

ಈಗ ಗ್ಯಾರೇಜಿಗೆ ಹೋಗೋಣ. ಕಿಟ್ಟಿನ ಪೆಟ್ಟಿಗೆಯಲ್ಲಿ ಟರ್ಬೊ, ಅದನ್ನು ಕೂರಿಸುವ ಮ್ಯಾನಿಫೋಲ್ಡ್, ಎಣ್ಣೆಯ ಪೈಪುಗಳು, ದಪ್ಪ ರಬ್ಬರ್ ಹೋಸು, ಕ್ಲಿಪ್ಪು, ಗ್ಯಾಸ್ಕೆಟ್ಟು, ಎರಡು ಮೀಟರು ಇದ್ದವು. ಮೇಸ್ತ್ರಿ ಅದನ್ನು ಪಕ್ಕಕ್ಕೆ ಸರಿಸಿದರು. "ಬ್ಯಾಂಕ್ ಸಾರ್, ಮೊದಲು ಎಂಜಿನ್ನಿನ ಎದೆ ಗಟ್ಟಿ ಇದೆಯಾ ನೋಡೋಣ. ಆಮೇಲೆ ಇದು" ಎಂದರು. ನಾಲ್ಕೂ ಸಿಲಿಂಡರಿಗೆ ಒಂದೊಂದಾಗಿ ಗೇಜು ಹಾಕಿ ಒಳಗಿನ ಒತ್ತಡ ಅಳೆದರು. ಮೂರು ಸರಿಸಮ ಇದ್ದವು, ಒಂದು ಸ್ವಲ್ಪ ಹಿಂದೆ. "ನಡೆಯುತ್ತೆ. ಆದರೆ ಜಾಸ್ತಿ ಒತ್ತೋ ಹಾಗಿಲ್ಲ" ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹಳೇ ಮ್ಯಾನಿಫೋಲ್ಡಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿದರೂ ಒಂದು ಮುರಿದೇ ಹೋಯಿತು. ಅದನ್ನು ಕೊರೆದು ತೆಗೆಯಲು ಅರ್ಧ ದಿನ. ಹೊಸ ಮ್ಯಾನಿಫೋಲ್ಡ್ ಕೂರಿಸಿ, ಅದರ ಮೇಲೆ ಟರ್ಬೊ ಬಿಗಿದರು. ಲಕ್ಷ ಸುತ್ತು ತಿರುಗುವ ಆ ಕಡ್ಡಿ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿರಬೇಕು. ಅದಕ್ಕಾಗಿ ಎಂಜಿನ್ನಿನಿಂದ ಒಂದು ಪೈಪಿನಲ್ಲಿ ಎಣ್ಣೆ ಬರಬೇಕು, ಇನ್ನೊಂದರಲ್ಲಿ ಕೆಳಗಿನ ಎಣ್ಣೆ ತೊಟ್ಟಿಗೆ ವಾಪಸ್ ಇಳಿಯಬೇಕು. ಚಾಲೂ ಮಾಡುವ ಮೊದಲು ಟರ್ಬೊದೊಳಗೆ ಕೈಯಾರೆ ಎಣ್ಣೆ ಹನಿಸಿದರು.

ಎಂಜಿನ್ ಶುರುವಾಯಿತು. ಹಿಂದೆಯೇ ನೀಲಿ ಹೊಗೆ! ಟಾರ್ಚು ಹಿಡಿದು ನಿಂತಿದ್ದ ಮೊಮ್ಮಗಳಿಗೇ ಕಾರಣ ಕಂಡಿತು. "ಈ ಪೈಪು ಕೆಳಗೆ ಹೋಗಿ ಮತ್ತೆ ಮೇಲೆ ಬಂದಿದೆ." ವಾಪಸ್ ಪೈಪನ್ನು ಗ್ಯಾರೇಜಿನ ಹುಡುಗ ಜೋಲು ಬಿಟ್ಟು ಕಟ್ಟಿದ್ದ. ಎಣ್ಣೆ ಇಳಿಯಲಾರದೆ ಟರ್ಬೊದೊಳಗೇ ತುಂಬಿ ಹೊಗೆಯ ದಾರಿ ಹಿಡಿದಿತ್ತು. ಮೇಸ್ತ್ರಿ ನಕ್ಕು, "ಪುಟ್ಟಿ, ಬರೋ ಎಣ್ಣೆಗೆ ಎಂಜಿನ್ನೇ ಪಂಪು. ಹೋಗೋ ಎಣ್ಣೆಗೆ ಭೂಮಿನೇ ಪಂಪು. ಅದಕ್ಕೆ ಈ ಪೈಪು ಸೀದಾ ಇಳಿಜಾರಾಗೇ ಇರಬೇಕು" ಎಂದು ಸರಿಮಾಡಿದರು.

ಎರಡು ಮೀಟರುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದರು. ಒಂದು ಗಾಳಿಯ ಒತ್ತಡದ್ದು. ಅದು 6 ಪೌಂಡಿಗಿಂತ ಮೇಲೆ ಹೋಗಬಾರದು. ನಮ್ಮ ತೋಟದ ಎತ್ತರದಲ್ಲಿ ಸಹಜ ಗಾಳಿಯ ಒತ್ತಡ ಚದರ ಅಂಗುಲಕ್ಕೆ 13 ಪೌಂಡಿಗೂ ಸ್ವಲ್ಪ ಕಡಿಮೆ. ಅದಕ್ಕೆ 6 ಸೇರಿದರೆ ಸುಮಾರು ಒಂದೂವರೆ ಪಟ್ಟಾಯಿತು. ಇನ್ನೊಂದು ಮೀಟರು ಹೊಗೆಯ ಬಿಸಿಯದ್ದು. ಮೇಸ್ತ್ರಿ 650 ಡಿಗ್ರಿಯ ಬಳಿ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದರು. "ಮುಳ್ಳು ಈ ಗೆರೆ ಮುಟ್ಟಿದರೆ ಕಾಲು ತೆಗೀಬೇಕು. ಗಾಡಿ ನಿಲ್ಲಿಸಿದ ಮೇಲೂ ಎರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಟರ್ಬೊ ತಣ್ಣಗಾಗಲಿ."

ಮೊದಲ ಸಲ ಏರು ಹತ್ತಿದ ಸಂಭ್ರಮ ಕೇಳಬೇಡಿ. ಎರಡನೇ ಗೇರಿನಲ್ಲಿ ನರಳುತ್ತಿದ್ದ ಜಾಗದಲ್ಲಿ ಜೀಪು ಮೂರನೇ ಗೇರಿನಲ್ಲಿ, ಸಣ್ಣಗೆ ಸಿಳ್ಳೆ ಹಾಕುತ್ತಾ ಹತ್ತಿತು. ಕಪ್ಪು ಹೊಗೆ ಇಲ್ಲ. ಕೊಯ್ಲಿನ ಹೆಂಗಸರು ಇಳಿಯಲೇ ಇಲ್ಲ. ಮೊಮ್ಮಗಳು ಕ್ರಿಕೆಟ್ ಸ್ಕೋರು ಹೇಳುವ ಹಾಗೆ "560... 580..." ಎಂದು ಓದುತ್ತಿದ್ದಳು.

ಸಂಕ್ರಾಂತಿಗೆ ಮತ್ತೆ ಹೋದೆವು. ಕೊಯ್ಲು ಭರದಲ್ಲಿತ್ತು. ಅಕ್ಕನ ಮಗ ಡೀಸೆಲ್ ಪಂಪಿನ ಸ್ಕ್ರೂವನ್ನು ತಾನೇ ತಿರುಗಿಸಿದ್ದ. "ಒಂದೇ ಒಂದು ಸುತ್ತು, ಮಾವ. ಇನ್ನೂ ನಾಲ್ಕು ಮೂಟೆ ಎಳೆಯುತ್ತೆ." ಹಿಂದೆ ಮೂಟೆಗಳು ತುಂಬಿದ್ದರಿಂದ ಹೆಂಗಸರು ನಡೆದೇ ಹೊರಟರು. ನಾವು ಮೂವರು ಮುಂದೆ ಕೂತೆವು.

ಅರ್ಧ ಏರಿನಲ್ಲಿ ಮೊಮ್ಮಗಳು ನನ್ನ ತೋಳು ಹಿಡಿದಳು. "ಅಜ್ಜ, ಮುಳ್ಳು ಕೆಂಪು ಗೆರೆ ದಾಟಿತು." ನೋಡಿದೆ. 700. ನಾನು ಏನು ಹೇಳಬೇಕಿತ್ತು ಎಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಆದರೆ ಹೇಳಿದ್ದು, "ಇನ್ನೊಂದು ತಿರುವು ಅಷ್ಟೇ ಪುಟ್ಟಿ."

750 ದಾಟಿತು. ಆ ತಿರುವಿನಲ್ಲೇ ಎಂಜಿನ್ನೊಳಗಿಂದ ಕಲ್ಲು ಕುಟ್ಟಿದಂಥ ಸದ್ದು, ಹಿಂದೆ ದಟ್ಟ ಹೊಗೆ. ಎಂಜಿನ್ ನಿಂತುಹೋಯಿತು. ಭಾರಕ್ಕೆ ಜೀಪು ಹಿಂದಕ್ಕೆ ಜಾರತೊಡಗಿತು. ಎಡಕ್ಕೆ ಕೊರಕಲು. ಅಕ್ಕನ ಮಗ ಎರಡೂ ಬ್ರೇಕು ಹಿಡಿದ. ಆದರೂ ಮಣ್ಣಿನ ಮೇಲೆ ಚಕ್ರ ನಿಧಾನವಾಗಿ ಜಾರುತ್ತಲೇ ಇತ್ತು. ಹಿಂದೆ ನಡೆದು ಬರುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ರಸ್ತೆಯಂಚಿನ ದೊಡ್ಡ ಕಲ್ಲನ್ನು ಚಕ್ರದ ದಾರಿಗೆ ಉರುಳಿಸಿದರು. ಜೀಪು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೊಮ್ಮಗಳು ಮಾತ್ರ ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಎಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ಅಂಚು ಮೇಣದಬತ್ತಿಯಂತೆ ಕರಗಿತ್ತು. ಹಿಂದೆ ಬಿದ್ದಿದ್ದ ಅದೇ ಸಿಲಿಂಡರು! ಪಿಸ್ಟನ್ ಮಾಡುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಒಳಗಿನ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಆದರೂ ಪಿಸ್ಟನ್ ಉಳಿಯುವುದು ಬೆಂಕಿ ಕ್ಷಣಮಾತ್ರದ್ದಾದ್ದರಿಂದ, ಮರುಕ್ಷಣ ತಣ್ಣನೆಯ ಗಾಳಿ ಬರುವುದರಿಂದ, ಕೆಳಗಿನಿಂದ ಎಣ್ಣೆ ತಂಪು ಮಾಡುವುದರಿಂದ. ಡೀಸೆಲ್ ಹೆಚ್ಚಾಗಿ, ಏರು ಉದ್ದವಾಗಿ, ಭಾರ ಮೀರಿದಾಗ ಆರಲು ಅದಕ್ಕೆ ಬಿಡುವೇ ಸಿಗಲಿಲ್ಲ.

ಹಾಗಾದರೆ ಟರ್ಬೊ ಕೆಟ್ಟದ್ದೇ? ಅಲ್ಲ. ಇವತ್ತಿನ ಡೀಸೆಲ್ ಕಾರು, ಬಸ್ಸು, ಲಾರಿಗಳಲ್ಲಿ ಕಂಪನಿಯೇ ಟರ್ಬೊ ಹಾಕಿರುತ್ತದೆ. ಆದರೆ ಅಲ್ಲಿ ಪಿಸ್ಟನ್, ರೇಡಿಯೇಟರ್, ಗಾಳಿ ತಣಿಸುವ ಇಂಟರ್‌ಕೂಲರ್, ಕ್ಲಚ್ಚು, ಬ್ರೇಕು ಎಲ್ಲವನ್ನೂ ಆ ಶಕ್ತಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮದು ಹಳೇ ಎಂಜಿನ್ನಿಗೆ ಕೊಡಿಸಿದ ಓವರ್‌ಡ್ರಾಫ್ಟ್. ಎರವಲು ಉಸಿರಿಗೆ ಬಡ್ಡಿ ಬಿಸಿಯ ರೂಪದಲ್ಲಿ ಬರುತ್ತದೆ. ಆ ಬಡ್ಡಿಯ ಲೆಕ್ಕ ತೋರಿಸುತ್ತಿದ್ದದ್ದೇ ಆ ಮುಳ್ಳು.

ಈಗ 40 ಸಾವಿರದ ವಿಚಾರ. 36 ವರ್ಷ ನಾನು ಬ್ಯಾಂಕಿನಲ್ಲಿದ್ದೆ. ಗಾಡಿಗೆ ಸಾಲ ಕೇಳಿ ಬಂದವರನ್ನು "ಆರ್‌ಸಿ ಎಲ್ಲಿ, ಇನ್ಶೂರೆನ್ಸ್ ಎಲ್ಲಿ" ಎಂದು ಮೂರು ಸಲ ಓಡಾಡಿಸಿದವನು. ಅಕ್ಕನ ಮಗನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಸಂಜೆ ಕೂತು ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಹೇಳಿದೆ. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ನಮ್ಮ ಜೀಪು ತೋಟದಲ್ಲಷ್ಟೇ ಅಲ್ಲ, ಪೇಟೆಗೂ ಹೋಗುತ್ತಿತ್ತು. ಬೋಲ್ಟು ಬಿಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಬೇಕಿತ್ತು. ಕೇಳಿಸಬೇಕಾದವನು ನಾನೇ.

ಹೊಸ ಪಿಸ್ಟನ್ ಬಂತು, ಟರ್ಬೊ ಇಳಿಯಿತು. ಈಗ ಜೀಪು ನಾಲ್ಕೂ ಚಕ್ರದ ಲೋ ಗೇರಿನಲ್ಲಿ, ಅರ್ಧ ಮೂಟೆಗಳನ್ನಷ್ಟೇ ಹೇರಿಕೊಂಡು, ಎರಡು ಸಲ ಹತ್ತುತ್ತದೆ. ಹೆಂಗಸರು ಮತ್ತೆ ಅದಕ್ಕಿಂತ ಮೊದಲೇ ಮೇಲೆ ಮುಟ್ಟುತ್ತಾರೆ. ಅಕ್ಕನ ಮಗ ತಿಂಗಳಿಗೆ 2 ಸಾವಿರದಂತೆ ಸಾಲ ತೀರಿಸುತ್ತಿದ್ದಾನೆ.

ಟರ್ಬೊ ನಮ್ಮ ಮನೆಯ ಶೋಕೇಸಿನಲ್ಲಿದೆ. ಮೊಮ್ಮಗಳು ಆಗಾಗ ಅದನ್ನು ತೆಗೆದು ಬಾಯಿಂದ ಊದುತ್ತಾಳೆ. ಗಿರಗಿಟ್ಟಲೆ ಸರ್ರನೆ ತಿರುಗುತ್ತದೆ. "ಎಷ್ಟು ಹಗುರವಾಗಿ ತಿರುಗುತ್ತೆ ಅಲ್ವಾ ಅಜ್ಜ?" ಎನ್ನುತ್ತಾಳೆ. ಹೌದು ಎನ್ನುತ್ತೇನೆ.

ಮಕ್ಕಳೇ, ಸೈಕಲ್ ಟೈರಿಗೆ ಗಾಳಿ ಹೊಡೆದ ಕೂಡಲೇ ಪಂಪಿನ ತುದಿಯನ್ನು ಮೆಲ್ಲಗೆ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯೂ ಜೊತೆಗೇ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ಪಕ್ಕದಲ್ಲಿ ಕೂತ ಮಗು "ಮುಳ್ಳು ಗೆರೆ ದಾಟಿತು" ಎಂದರೆ "ಇನ್ನೊಂದು ತಿರುವು" ಎನ್ನಬೇಡಿ. ಗಾಡಿ ನಿಲ್ಲಿಸಿ. ಬೇಕಾದರೆ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಮರ ನೋಡಿ.