ಕಾಗದ ಚುಚ್ಚುವ ಸರಿಗೆ

ನಮ್ಮ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಪಕ್ಕಾಸಿಗೆ ತೂಗಹಾಕಿದ ಒಂದು ಸರಿಗೆ ಇರುತ್ತಿತ್ತು. ಅದರ ತುದಿ ಮೊನಚಾಗಿ, ಕೊಕ್ಕೆಯಂತೆ ಬಾಗಿರುತ್ತಿತ್ತು. ಬಂದ ಕಾರ್ಡು, ಇನ್‌ಲ್ಯಾಂಡು, ತೀರ್ವೆಯ ರಶೀದಿ, ಅಡಿಕೆ ಮಾರಿದ ಚೀಟಿ ಎಲ್ಲವನ್ನೂ ಓದಿ ಹಿರಿಯರು ಅದಕ್ಕೆ ಚುಚ್ಚಿಡುತ್ತಿದ್ದರು. ಹತ್ತು ವರ್ಷದ ಹಿಂದಿನ ಕಾಗದ ಬೇಕಾದರೂ ಸರಿಗೆಯನ್ನು ಇಳಿಸಿ ಹುಡುಕಿದರೆ ಸಿಗುತ್ತಿತ್ತು. ಹೊಗೆ ಹಿಡಿದು ಹಳದಿಯಾಗಿದ್ದರೂ ಅದು ಮನೆಯಲ್ಲೇ, ಕೈಗೆಟಕುವಲ್ಲೇ ಇರುತ್ತಿತ್ತು.

ಈಗ ಕಾಗದಗಳು ಮಿಂಚಂಚೆಯಾಗಿ ಬರುತ್ತವೆ. ಅವು ಎಲ್ಲಿವೆ ಎಂದು ಮಕ್ಕಳನ್ನು ಕೇಳಿದರೆ "ಫೋನಿನಲ್ಲಿ" ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಾಗದ ಇರುವುದು ಯಾವುದೋ ದೂರದ ಊರಿನ ಕಂಪ್ಯೂಟರಿನಲ್ಲಿ. ಫೋನು ಅದನ್ನು ತೋರಿಸುವ ಕಿಟಕಿ ಮಾತ್ರ. ಆ ಕಿಟಕಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಾವು ಅನುಭವದಿಂದ ಕಲಿತೆವು. ಶಾಲೆಯ ಮಿಂಚಂಚೆ ಖಾತೆಯನ್ನು ಹಿಂದೆ ಅಧ್ಯಾಪಕರೊಬ್ಬರ ಮೊಬೈಲ್ ಸಂಖ್ಯೆಯ ಮೇಲೆ ತೆರೆದಿದ್ದೆವು. ಅವರಿಗೆ ವರ್ಗವಾಯಿತು, ಆ ಸಂಖ್ಯೆಯೂ ಹೋಯಿತು. ಗುಪ್ತಪದವನ್ನು ಯಾರೂ ಬರೆದಿಟ್ಟಿರಲಿಲ್ಲ. ಮುಂಬಯಿ, ಕೊಲ್ಲಿ ದೇಶಗಳಿಂದ ಹಳೆಯ ವಿದ್ಯಾರ್ಥಿಗಳು ಬರೆದ ಕಾಗದಗಳು, ನಾವು ಕಚೇರಿಗಳಿಗೆ ಕಳುಹಿಸಿದ ಮನವಿಗಳು, ಎಲ್ಲವೂ ಒಳಗೆ ಉಳಿದವು. ನಾವು ಹೊರಗೆ ನಿಂತೆವು. ತಪ್ಪು ಬೇರೆಯವರದಲ್ಲ, ನಮ್ಮದೇ.

ಆದ್ದರಿಂದ ನಮ್ಮ ಅಭಿಪ್ರಾಯವೇನೆಂದರೆ, ಕಾಗದದ ಒಂದು ಪ್ರತಿ ನಮ್ಮ ಸ್ವಂತ ಕಂಪ್ಯೂಟರಿನಲ್ಲಿ ಇರಲೇಬೇಕು, ಮತ್ತು ಅದನ್ನು ಇರಿಸುವ ಕ್ರಮವನ್ನು ಹೈಸ್ಕೂಲಿನಲ್ಲಿಯೇ ಕಲಿಯಬೇಕು. ಇದಕ್ಕೆ ಹೊಸ ಯಂತ್ರ ಬೇಡ. 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂದು ಆರಂಭವಾಗಿ 2017ರಲ್ಲಿ 'ಕೈಟ್' ಆದ ಯೋಜನೆಯಿಂದಾಗಿ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿದೆ. ಅದರಲ್ಲಿ ಹಾಕಿಕೊಳ್ಳಬಹುದಾದ 'ಕ್ಲಾಸ್ ಮೈಲ್' ಎಂಬ ಹಗುರವಾದ ಉಚಿತ ತಂತ್ರಾಂಶವು ಹಳೆಯ ಕಂಪ್ಯೂಟರಿನಲ್ಲಿಯೂ ಚುರುಕಾಗಿ ಓಡುತ್ತದೆ. ಜಪಾನಿನ ಹಿರೊಯುಕಿ ಯಮಮೊಟೊ ಎಂಬವರು ರಚಿಸಿದ 'ಸಿಲ್ಫೀಡ್' ಎಂಬ ತಂತ್ರಾಂಶದ ಕವಲಾಗಿ ಇದು 2001ರಲ್ಲಿ ಹುಟ್ಟಿತು. ಇದರ ಒಂದು ಗುಣ ನಮಗೆ ಬಹಳ ಹಿಡಿಸಿತು. ಬಂದ ಪ್ರತಿಯೊಂದು ಕಾಗದವನ್ನೂ ಇದು ಬೇರೆ ಬೇರೆ ಕಡತವಾಗಿ ಇಡುತ್ತದೆ. ಸರಿಗೆಗೆ ಒಂದೊಂದಾಗಿ ಚುಚ್ಚಿದಂತೆಯೇ ಸರಿ!

ಹೊಂದಿಸುವುದು ಕಷ್ಟವಲ್ಲ, ಆದರೆ ಒಂದು ಕಡೆ ಎಚ್ಚರ ಬೇಕು. ಮೊದಲ ಸಲ ತೆರೆದಾಗ ಹೆಸರು, ವಿಳಾಸ, ಕಾಗದ ತರುವ ಸರ್ವರ್, ಕಳುಹಿಸುವ ಸರ್ವರ್ ಇಷ್ಟನ್ನು ಕೇಳುತ್ತದೆ. ತರುವ ಕ್ರಮ ಎರಡು ಬಗೆ. 'ಐಮ್ಯಾಪ್' ಎಂಬುದು ಕನ್ನಡಿಯಿದ್ದಂತೆ: ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯುತ್ತದೆ. 'ಪಾಪ್' ಎಂಬುದು ಅಂಚೆಯಣ್ಣನಂತೆ ಕಾಗದವನ್ನು ಮನೆಗೆ ತಂದು ಕೊಡುತ್ತದೆ. ನಮ್ಮ ಉದ್ದೇಶಕ್ಕೆ ಪಾಪ್ ಸರಿ. ಆದರೆ ತಂದ ಮೇಲೆ ಅಲ್ಲಿಯ ಪ್ರತಿಯನ್ನು ಇಷ್ಟು ದಿನಗಳಲ್ಲಿ ಅಳಿಸಬೇಕು ಎಂಬ ಒಂದು ಚೌಕ ಅಲ್ಲಿದೆ. ಅದನ್ನು ನೋಡದೆ ಮುಂದೆ ಹೋಗಬಾರದು. ಎರಡು ಕಡೆಯೂ ಪ್ರತಿ ಬೇಕೆಂದಾದರೆ ಅದರ ಗುರುತನ್ನು ತೆಗೆಯಬೇಕು. ಜಿಮೈಲ್ ಖಾತೆಯಾದರೆ ದಿನನಿತ್ಯದ ಗುಪ್ತಪದ ಇಲ್ಲಿ ನಡೆಯದು. ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ, 16 ಅಕ್ಷರಗಳ ಬೇರೊಂದು ಗುಪ್ತಪದವನ್ನು ಪಡೆಯಬೇಕು.

ಇನ್ನು ಕನ್ನಡದ ಮಾತು. ಹೊರಹೋಗುವ ಕಾಗದದ ಅಕ್ಷರ ಸಂಕೇತವನ್ನು 'ಯುಟಿಎಫ್-8' ಎಂದು ಇರಿಸಿದರೆ ನಮ್ಮ ಒತ್ತಕ್ಷರಗಳು ಕಾಸರಗೋಡಿನಿಂದ ಕುವೈತಿಗೆ ಹೋದರೂ ಕೆಡುವುದಿಲ್ಲ. ಓದಲು 'ಗುಬ್ಬಿ', 'ನವಿಲು' ಎಂಬ ಚಂದದ ಹೆಸರಿನ ಉಚಿತ ಫಾಂಟುಗಳಿವೆ. ಈ ತಂತ್ರಾಂಶದಲ್ಲಿ ಬಣ್ಣದ ಅಕ್ಷರ, ಅಲಂಕಾರದ ಅಂಚು ಯಾವುದನ್ನೂ ಬರೆಯಲಾಗುವುದಿಲ್ಲ. ಬರಿಯ ಪಠ್ಯ ಮಾತ್ರ. ಕೆಲವು ಮಕ್ಕಳಿಗೆ ಇದು ಬೇಸರ. ಕನ್ನಡ ಅಧ್ಯಾಪಕರಾದ ನಮಗೆ ಇದು ಸಂತೋಷವೇ, ಯಾಕೆಂದರೆ ವಾಕ್ಯ ಚೆನ್ನಾಗಿರದೆ ಬೇರೆ ಗತಿಯಿಲ್ಲ.

"ಫೋನಿನಲ್ಲಿ ಎಲ್ಲ ಆಗುತ್ತದಲ್ಲ ಮಾಷ್ಟ್ರೇ, ಈ ಉಪದ್ರ ಯಾಕೆ?" ಎಂದು ಹೆತ್ತವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಫೋನನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ನಾವು ಇಲ್ಲಿಯ ಭಾಷಾ ಅಲ್ಪಸಂಖ್ಯಾತರು. ಕನ್ನಡದಲ್ಲಿಯೇ ಸರಕಾರಕ್ಕೆ ಬರೆಯಲು ಮತ್ತು ಕನ್ನಡದಲ್ಲಿಯೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಅವಕಾಶವಿತ್ತಿತು. ಹಾಗೆ ಬರೆದವರನ್ನು ಕಚೇರಿಯಲ್ಲಿ ಮೊದಲು ಕೇಳುವುದೇ "ಯಾವಾಗ ಕಳುಹಿಸಿದಿರಿ, ಪ್ರತಿ ಇದೆಯೇ?" ಎಂದು. 'ಕಳುಹಿಸಿದ್ದು' ಎಂಬ ಕಪಾಟಿನಲ್ಲಿ ದಿನಾಂಕ, ಗಂಟೆ ಸಹಿತ ಕಾಗದವಿದ್ದರೆ ಅಲ್ಲಿ ತಡವರಿಸಬೇಕಾಗಿಲ್ಲ. ಆಟಿಯ ಮಳೆಗೆ ನೆಟ್ ಹೋದ ದಿನವೂ ತೆಗೆದು ತೋರಿಸಬಹುದು.

ಸರಿಗೆಗೆ ಗೆದ್ದಲು ಹಿಡಿಯುವಂತೆ ಕಂಪ್ಯೂಟರಿನ ಡಿಸ್ಕೂ ಕೆಡುತ್ತದೆ. ತಿಂಗಳಿಗೊಮ್ಮೆ ಕಾಗದಗಳ ಕಡತವನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಬೇಕು. ಅಲ್ಲದೆ, ಆ ಕಂಪ್ಯೂಟರನ್ನು ತೆರೆದವರೆಲ್ಲರೂ ಅದರಲ್ಲಿರುವ ಕಾಗದಗಳನ್ನು ಓದಬಲ್ಲರು. ಹಾಗಾಗಿ ಶಾಲೆಯ ಯಂತ್ರದಲ್ಲಿ ಮಕ್ಕಳು ತಮ್ಮ ಸ್ವಂತ ಕಾಗದಗಳನ್ನು ಇಡುವುದು ಬೇಡ.

ಶಾಲೆಯ ಹೊಸ ಖಾತೆಯನ್ನು ಈ ವರ್ಷ ಹೀಗೆಯೇ ಹೊಂದಿಸಿದ್ದೇವೆ. ಒಂಬತ್ತನೆಯ ತರಗತಿಯ ಮಕ್ಕಳೇ ಮುಂದೆ ಕುಳಿತು ಮಾಡಿದರು; ನಾವು ಹಿಂದೆ ನಿಂತು ಕಾಗುಣಿತ ನೋಡಿದೆವು. ಗುಪ್ತಪದವನ್ನು ಬರೆದು, ಲಕೋಟೆಗೆ ಮೊಹರು ಹಾಕಿ, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇರಿಸಿದೆ. ಹಳೆಯ ಖಾತೆಗೆ ಬರೆದು ಉತ್ತರ ಕಾಣದ ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಮನ್ನಿಸಿ ಇನ್ನೊಮ್ಮೆ ಬರೆಯಬೇಕು. ಆಗ ಬರೆದುದರ ಪ್ರತಿ ನಿಮ್ಮಲ್ಲಿ ಉಳಿದಿದ್ದರೆ ಅದನ್ನೇ ಕಳುಹಿಸಿದರೂ ಆಯಿತು.